ಕಡಲಾಚೆಯ ಸರಕಿಗೆ ಹೊಣೆ ಯಾರು?

ಹೊರದೇಶದ ಕ್ಯಾಮರಾ ಒಂದು ಬೇಕೆಂದರೆ ಹಿಂದೆ ಎರಡೇ ದಾರಿಗಳಿದ್ದುವು. ಸಮುದ್ರದಾಚೆಯಿಂದ ರಜಕ್ಕೆ ಬರುವ ನೆಂಟರಿಗಾಗಿ ಕಾಯಬೇಕು. ಇಲ್ಲವೆ ಮದರಾಸಿನ ಬರ್ಮಾ ಬಜಾರಿನಂತಹ ಪೇಟೆಗೆ ಹೋಗಿ, ಚೌಕಾಸಿ ಮಾಡಿ, ದೇವರ ಮೇಲೆ ಭಾರ ಹಾಕಿ ಕೊಂಡು ತರಬೇಕು. ಈಗ ಕಾಲ ಬದಲಾಗಿದೆ. ಗದಗಿನಲ್ಲಿಯೋ ಸಾಗರದಲ್ಲಿಯೋ ಕುಳಿತ ವಿದ್ಯಾರ್ಥಿನಿಯೊಬ್ಬಳು ಅಂಗೈಯಗಲದ ಮೊಬೈಲಿನ ಮೇಲೆ ಬೆರಳಾಡಿಸಿ ಹಾಂಗ್‌ಕಾಂಗಿನ ವರ್ತಕನಿಗೆ ಹಣ ಕಳುಹಿಸಬಲ್ಲಳು; ಕೆಲವು ದಿನಗಳಲ್ಲಿ ಸರಕು ಅವಳ ಮನೆಯ ಬಾಗಿಲಿಗೆ ಬರುತ್ತದೆ. ಇದು ವಿಜ್ಞಾನವು ತಂದಿತ್ತ ಸೌಕರ್ಯ. ಇದನ್ನು ನಾವು ಹಳಿಯುವವರಲ್ಲ. ಆದರೆ ಕೊಳ್ಳುವುದು ಎಷ್ಟು ಸುಲಭವಾಯಿತೋ, ಕೊಂಡದ್ದು ಕೆಟ್ಟುಹೋದಾಗ ನ್ಯಾಯ ಪಡೆಯುವುದೂ ಅಷ್ಟೇ ಸುಲಭವಾಯಿತೆ? ವಿದ್ಯಾರ್ಥಿವೇತನದ ಹಣವನ್ನೋ ಮನೆಯವರು ಕೂಡಿಟ್ಟ ಹಣವನ್ನೋ ಇಂತಹ ಸರಕಿಗೆ ಹಾಕುವ ನಮ್ಮ ತರುಣ ವಾಚಕರು ಈ ಪ್ರಶ್ನೆಯನ್ನು ಹಣ ಕೊಡುವ ಮುನ್ನವೇ ಕೇಳಿಕೊಳ್ಳಬೇಕೆಂಬುದು ನಮ್ಮ ಬಯಕೆ.

ಮೊದಲು ಈ ವ್ಯಾಪಾರದ ಸ್ವರೂಪವನ್ನು ತಿಳಿಯೋಣ. ಒಂದೇ ಕಾರ್ಖಾನೆಯ ಒಂದೇ ಬಗೆಯ ಯಂತ್ರವನ್ನು ತಯಾರಕರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಬೆಲೆಗೆ ಮಾರುವುದುಂಟು. ಆಯಾ ದೇಶದ ತೆರಿಗೆ, ನಾಣ್ಯದ ವಿನಿಮಯ ದರ, ಜನರ ಕೊಳ್ಳುವ ಶಕ್ತಿ, ದುರಸ್ತಿಯ ವ್ಯವಸ್ಥೆಗೆ ತಗಲುವ ವೆಚ್ಚ ಇವೆಲ್ಲ ಬೆಲೆಯಲ್ಲಿ ಸೇರಿಕೊಳ್ಳುತ್ತವೆ. ಬೆಲೆ ಇಳಿದಿರುವ ಕಡೆ ಕೊಂಡು ಏರಿರುವ ಕಡೆ ಮಾರಿದರೆ ಲಾಭವಾಗುವುದು ಸಹಜ. ತಯಾರಕರು ನೇಮಿಸಿದ ಏಜೆಂಟರ ಕೈ ತಪ್ಪಿಸಿ ಹೀಗೆ ಬರುವ ಅಸಲಿ ಸರಕಿಗೆ ಇಂಗ್ಲಿಷಿನಲ್ಲಿ ‘ಗ್ರೇ’ ಸರಕು, ಎಂದರೆ ಬೂದುಬಣ್ಣದ ಸರಕು, ಎಂದು ಹೆಸರು. ಕಾಳಸಂತೆಯ ಕಪ್ಪು ಇದಕ್ಕಿಲ್ಲ. ಏಜೆಂಟರ ಅಂಗಡಿಯ ಬಿಳುಪೂ ಇದಕ್ಕಿಲ್ಲ. ಇದು ಖೋಟಾ ಮಾಲಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಈ ವ್ಯಾಪಾರ ನಮ್ಮ ದೇಶದಲ್ಲಿ ಅಪರಾಧವೆ? ಅಲ್ಲ. 2012ರ ಅಕ್ಟೋಬರಿನಲ್ಲಿ ದೆಹಲಿಯ ಹೈಕೋರ್ಟಿನ ವಿಭಾಗೀಯ ಪೀಠವು ಸ್ಯಾಮ್‌ಸಂಗ್ ಕಂಪೆನಿಯ ಮುದ್ರಣಯಂತ್ರಗಳಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಹೊರದೇಶದ ಪೇಟೆಯಲ್ಲಿ ನ್ಯಾಯವಾಗಿ ಕೊಂಡ ಅಸಲಿ ಸರಕನ್ನು ತಂದು ಇಲ್ಲಿ ಮಾರಲು ಅಡ್ಡಿಯಿಲ್ಲವೆಂದು ತೀರ್ಪಿತ್ತಿತು. ಆದರೆ ಒಂದು ಕಟ್ಟಳೆಯನ್ನು ವಿಧಿಸಿತು. ಈ ಸರಕು ಆಮದಾದದ್ದು, ಇದಕ್ಕೆ ಸ್ಯಾಮ್‌ಸಂಗ್ ಕಂಪೆನಿಯ ವಾರಂಟಿಯಾಗಲಿ ದುರಸ್ತಿಯಾಗಲಿ ದೊರೆಯದು, ಅವುಗಳ ಹೊಣೆ ಮಾರುವವರದೇ ಎಂದು ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದುಹಾಕಬೇಕು. ಈ ತೀರ್ಪಿನ ತಿರುಳು ನಮಗೆ ಬಹಳ ಒಪ್ಪಿಗೆಯಾಗಿದೆ. ಅಗ್ಗಕ್ಕೆ ಮಾರುವ ಸ್ವಾತಂತ್ರ್ಯವೂ ಉಂಟು, ಹೊಣೆ ಹೊರುವ ಕರ್ತವ್ಯವೂ ಉಂಟು. ಎರಡೂ ಒಬ್ಬನ ಕೈಯಲ್ಲೇ ಇವೆ.

ಆದರೆ ಇಲ್ಲಿ ಅಂಗಡಿಯೊಂದಿತ್ತು. ಫಲಕ ತೂಗುಹಾಕಲು ಗೋಡೆಯಿತ್ತು. ದೂರು ಹೇಳಲು ಎದುರಿಗೆ ಮನುಷ್ಯನಿದ್ದನು. ಹೊರದೇಶದ ವರ್ತಕನಿಂದ ನೇರವಾಗಿ ತರಿಸಿದಾಗ ಈ ಮೂರೂ ಇಲ್ಲವಾಗುತ್ತವೆ. ಅದರಿಂದಾಗುವ ಪರಿಣಾಮವನ್ನು ಅರಿಯಲು, ಅಂತಹ ಸರಕಿನಲ್ಲಿ ಏನೇನು ಕೆಡಬಹುದೆಂಬುದನ್ನು ನೋಡಬೇಕು.

ಯಂತ್ರವು ಅಸಲಿಯಾದ ಮಾತ್ರಕ್ಕೆ ಎಲ್ಲ ದೇಶಗಳಲ್ಲಿಯೂ ಕೆಲಸ ಮಾಡುವುದೆಂದು ನಂಬಕೂಡದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತಗಳದು. ಅಮೆರಿಕದಲ್ಲಿ 120 ವೋಲ್ಟ್, 60 ಆವರ್ತ. ಜಪಾನಿನಲ್ಲಿ 100 ವೋಲ್ಟ್. ಅದರಲ್ಲಿಯೂ ದೇಶದ ಪೂರ್ವಭಾಗದಲ್ಲಿ 50 ಆವರ್ತ, ಪಶ್ಚಿಮಭಾಗದಲ್ಲಿ 60. ಜಪಾನಿನ 100 ವೋಲ್ಟಿಗೆಂದು ಮಾಡಿದ, 1000 ವ್ಯಾಟಿನ ನೀರು ಕಾಯಿಸುವ ಪಾತ್ರೆಯೊಂದನ್ನು ನಮ್ಮ ಗೋಡೆಗೆ ಸಿಕ್ಕಿಸಿದರೆ ಏನಾದೀತು? ವೋಲ್ಟು 2.3 ಪಟ್ಟಾಗುತ್ತದೆ, ಹಾಗೆಯೇ ಹರಿವ ವಿದ್ಯುತ್ತು 10 ಆಂಪೇರಿನಿಂದ 23 ಆಂಪೇರಿಗೆ ಏರಬೇಕು, ಶಾಖವಾದರೋ ಈ ಎರಡರ ಗುಣಲಬ್ಧದಂತೆ 5.29 ಪಟ್ಟು ಹುಟ್ಟಬೇಕು. ತಂತಿಯ ಸುರುಳಿ ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದು. ಮನೆಗೆ ಬೆಂಕಿ ತಗಲದಿದ್ದರೆ ಪುಣ್ಯ. 60 ಆವರ್ತಗಳ ಲೆಕ್ಕದಲ್ಲಿ ಓಡುವ ವಿದ್ಯುತ್ ಗಡಿಯಾರವನ್ನು, ವೋಲ್ಟನ್ನು ಸರಿಪಡಿಸಿಯೇ ಇಲ್ಲಿ ನಡೆಸಿದರೂ, ಅದು ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಸಂತೋಷದ ಸಂಗತಿಯೆಂದರೆ ಮೊಬೈಲು, ಲ್ಯಾಪ್‌ಟಾಪುಗಳ ಅಡಾಪ್ಟರುಗಳಲ್ಲಿ ಬಹುಪಾಲು 100ರಿಂದ 240 ವೋಲ್ಟಿನವರೆಗೆ, 50 ಮತ್ತು 60 ಆವರ್ತಗಳೆರಡಕ್ಕೂ ಹೊಂದುವಂತೆ ಮಾಡಲ್ಪಟ್ಟಿವೆ. ಅಡಾಪ್ಟರಿನ ಬೆನ್ನಿನ ಮೇಲಿನ ಆ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ಎಲ್ಲರಿಗೂ ಇರಬೇಕು.

ರೇಡಿಯೋ ಅಲೆಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಜಪಾನಿನಲ್ಲಿ ಎಫ್.ಎಂ. ಪ್ರಸಾರಕ್ಕೆ ಗೊತ್ತುಮಾಡಿರುವ ಪಟ್ಟಿ 76ರಿಂದ 95 ಮೆಗಾಹರ್ಟ್ಸ್. ನಮ್ಮಲ್ಲಿ ಅದು 88ರಿಂದ 108. ಆ ದೇಶದ ಪಟ್ಟಿಗೆ ಮಾತ್ರ ಹೊಂದಿಸಿದ ರೇಡಿಯೋವನ್ನು ಬೆಂಗಳೂರಿಗೆ ತಂದರೆ, 101.3ರ ಕನ್ನಡ ಕಾಮನಬಿಲ್ಲೂ 102.9ರ ವಿವಿಧಭಾರತಿಯೂ ಅದಕ್ಕೆ ಕೇಳಿಸಲಾರವು. ಯಂತ್ರದಲ್ಲಿ ದೋಷವೇನೂ ಇಲ್ಲ. ಅದನ್ನು ಮಾಡಿದ್ದು ಇನ್ನೊಂದು ಆಕಾಶಕ್ಕಾಗಿ. ಮೊಬೈಲುಗಳದೂ ಇದೇ ಕಥೆ. ಯಾವ ದೇಶದಲ್ಲಿ ಯಾವ ಅಲೆಪಟ್ಟಿ ಬಳಕೆಯಲ್ಲಿದೆಯೋ ಅದಕ್ಕೆ ತಕ್ಕಂತೆ ಒಂದೇ ಹೆಸರಿನ ಮೊಬೈಲಿನಲ್ಲಿ ಹಲವು ಬಗೆಗಳುಂಟು. ಜಿಯೋ ಜಾಲದಲ್ಲಿ ಹಳೆಯ 2ಜಿ, 3ಜಿ ವ್ಯವಸ್ಥೆಗಳಿಲ್ಲವಾದುದರಿಂದ, 4ಜಿಯ ಮೂಲಕವೇ ಮಾತನಾಡುವ ಏರ್ಪಾಡು ಯಂತ್ರದಲ್ಲಿ ಇಲ್ಲದಿದ್ದರೆ ಕರೆಯೇ ಹೋಗದು. ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ 2022ರ ಐಫೋನ್ 14ರಿಂದೀಚೆಗೆ ಸಿಮ್ ಚೀಟಿಯನ್ನು ಇಡುವ ಜಾಗವೇ ಇಲ್ಲ.

ಇವು ಪ್ರಕೃತಿಯಿಂದಲೂ ಆಯಾ ದೇಶದ ಏರ್ಪಾಡಿನಿಂದಲೂ ಬಂದ ವ್ಯತ್ಯಾಸಗಳು. ವರ್ತಕರು ಬೇಕೆಂದೇ ಎಬ್ಬಿಸಿದ ಗೋಡೆಗಳೂ ಉಂಟು. ಡಿ.ವಿ.ಡಿ. ಫಲಕಗಳ ಕಾಲದಲ್ಲಿ ಲೋಕವನ್ನೇ ವಲಯಗಳಾಗಿ ಹಂಚಿಕೊಂಡಿದ್ದರು. ಅಮೆರಿಕವು 1ನೆಯ ವಲಯ, ಜಪಾನು 2ನೆಯದು, ಭಾರತವು 5ನೆಯದು. ಒಂದು ವಲಯದ ಫಲಕವು ಇನ್ನೊಂದು ವಲಯಕ್ಕೆ ಮಾತ್ರ ಕಟ್ಟುಬಿದ್ದ ಯಂತ್ರದಲ್ಲಿ ಓಡುತ್ತಿರಲಿಲ್ಲ. ವಾರಂಟಿಯೂ ಇಂತಹ ಗೋಡೆಯಾಗಬಲ್ಲದು. ಕೆಲವು ತಯಾರಕರು ಕೆಲವು ಸರಕುಗಳಿಗೆ ಎಲ್ಲ ದೇಶಗಳಲ್ಲಿಯೂ ವಾರಂಟಿ ಕೊಡುತ್ತಾರೆ. ಹಲವರು ಮಾರಾಟವಾದ ದೇಶದಲ್ಲಿ ಮಾತ್ರ ಕೊಡುತ್ತಾರೆ. ವಾರಂಟಿಯ ಚೀಟಿಯಲ್ಲಿ ಇದು ಬರೆದಿರುತ್ತದೆ; ಓದುವವರು ಕಡಿಮೆ.

ಇನ್ನು ನೆಲದ ಕಾನೂನು. 2022ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಹೊರದೇಶದ ಡ್ರೋನುಗಳ ಆಮದನ್ನು, ಸಂಶೋಧನೆ, ರಕ್ಷಣೆ ಮುಂತಾದ ಕಾರಣಗಳ ಹೊರತು, ನಿಷೇಧಿಸಿತು. ಉಪಗ್ರಹ ದೂರವಾಣಿಗಳನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ. ಮೊಬೈಲು, ಅಡಾಪ್ಟರು, ಲಿಥಿಯಂ ಬ್ಯಾಟರಿ ಮೊದಲಾದುವು ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾಗಿರಬೇಕೆಂದು ಸರ್ಕಾರದ ಆಜ್ಞೆಯೊಂದು ಹೇಳುತ್ತದೆ. ಆ ಗುರುತಿಲ್ಲದ ಸರಕನ್ನು ನಮ್ಮ ಮಾನಕಕ್ಕೆ ಒಡ್ಡಿ ಪರೀಕ್ಷಿಸಿದ್ದಾರೆಂದು ನಂಬಲು ಆಧಾರವಿಲ್ಲ. 2019ರ ಡಿಸೆಂಬರಿನಲ್ಲಿ, ಅಂಚೆಯಿಂದಾಗಲಿ ಕೊರಿಯರಿನಿಂದಾಗಲಿ ‘ಉಡುಗೊರೆ’ ಎಂಬ ಹೆಸರಿನಲ್ಲಿ ಸರಕು ತರಿಸುವುದನ್ನು, ಪ್ರಾಣರಕ್ಷಕ ಔಷಧಿಗಳನ್ನೂ ರಾಖಿಯನ್ನೂ ಬಿಟ್ಟು, ನಿಷೇಧಿಸಲಾಯಿತು. ಆದುದರಿಂದ, ಸುಂಕ ತಪ್ಪಿಸಲು ಪೊಟ್ಟಣದ ಮೇಲೆ ‘ಉಡುಗೊರೆ’ ಎಂದು ಬರೆದುಕೊಡುತ್ತೇನೆ ಎಂದು ಹೇಳುವ ವರ್ತಕನು ಉಪಕಾರಿಯಲ್ಲ. ಸುಂಕದ ಕಟ್ಟೆಯಲ್ಲಿ ಉತ್ತರ ಹೇಳಬೇಕಾದವನು ಆತನಲ್ಲ, ತರಿಸಿಕೊಂಡವನು.

ಈಗ ಹಕ್ಕುಗಳ ಮಾತಿಗೆ ಬರೋಣ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ಆ ದೇಶದ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಗ್ರಾಹಕನ ನಾಲ್ಕು ಹಕ್ಕುಗಳನ್ನು ಎಣಿಸಿದರು: ಸುರಕ್ಷತೆ, ತಿಳಿವಳಿಕೆ, ಆಯ್ಕೆ, ಅಹವಾಲು. ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಈ ಕಾಯಿದೆ ಉದಾರವಾದುದು. ಗದಗಿನವರು ಗದಗಿನಲ್ಲಿಯೇ, ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಎರಡು ವರ್ಷಗಳ ಅವಧಿಯುಂಟು. ದೋಷವನ್ನು ಸರಿಪಡಿಸಿ ಕೊಡಿಸುವ, ಬದಲಿ ಸರಕು ಕೊಡಿಸುವ, ಹಣ ಹಿಂದಕ್ಕೆ ಕೊಡಿಸುವ ಅಧಿಕಾರ ಆಯೋಗಕ್ಕಿದೆ. 2020ರ ಇ-ವಾಣಿಜ್ಯ ನಿಯಮಗಳಾದರೋ, ಭಾರತದಲ್ಲಿ ನೆಲೆಯಿಲ್ಲದಿದ್ದರೂ ಭಾರತೀಯರಿಗೆ ಕ್ರಮವಾಗಿ ಸರಕನ್ನು ಒದಗಿಸುವ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂಬುದು ಅವುಗಳ ವಿಧಿ. ಆಮದು ಮಾಡಿದವನ ಹೆಸರನ್ನು ಮಾರುವವನು ತಿಳಿಸಬೇಕೆಂದೂ ಇದೆ.

ಕಾಯಿದೆಯ 86ನೆಯ ಪ್ರಕರಣವನ್ನು ನಾವು ವಿಶೇಷವಾಗಿ ಎತ್ತಿ ಹೇಳಬೇಕು. ದೋಷಯುಕ್ತ ಸರಕಿನಿಂದ ಮೈಗೋ ಮನೆಗೋ ಹಾನಿಯಾಯಿತು. ತಯಾರಕನು ಯಾರೆಂದು ತಿಳಿಯದು, ಅಥವಾ ತಿಳಿದರೂ ಅವನು ಭಾರತದ ಕಾನೂನಿಗೆ ಒಳಪಟ್ಟವನಲ್ಲ, ಅಥವಾ ಅವನ ಮೇಲೆ ಆಜ್ಞೆಯನ್ನು ಜಾರಿಮಾಡಲಾಗದು. ಆಗ ಯಾರನ್ನು ಕೇಳಬೇಕು? ಮಾರಿದವನನ್ನು ಕೇಳಿ ಎನ್ನುತ್ತದೆ ಕಾಯಿದೆ. ವ್ಯಾಪಾರಕ್ಕಾಗಿ ಆಮದು ಮಾಡುವವನೂ ಈ ‘ಮಾರುವವನು’ ಎಂಬ ಮಾತಿನಲ್ಲಿ ಸೇರುತ್ತಾನೆ. ಶಾಸನಕಾರರ ಬುದ್ಧಿವಂತಿಕೆಯನ್ನು ಇಲ್ಲಿ ಮೆಚ್ಚಬೇಕು. ಕೈಗೆ ಸಿಕ್ಕದ ತಯಾರಕನ ಬದಲು ಕೈಗೆ ಸಿಕ್ಕುವ ಆಮದುದಾರನನ್ನು ಹಿಡಿದು ನಿಲ್ಲಿಸಿದ್ದಾರೆ.

ಆದರೆ ಗದಗಿನ ಆ ವಿದ್ಯಾರ್ಥಿನಿ ಹಾಂಗ್‌ಕಾಂಗಿನಿಂದ ನೇರವಾಗಿ ತರಿಸಿದಾಗ ಆಮದುದಾರರು ಯಾರು? ಸ್ವತಃ ಅವಳೇ! ಇಲ್ಲಿಯೇ ಇರುವುದು ಈ ವಿಷಯದ ಗಂಟು. ಆಮದುದಾರನಿಂದ ಗ್ರಾಹಕನನ್ನು ಕಾಯಲು ಹೂಡಿದ ಕೋಟೆ, ಗ್ರಾಹಕನೇ ಆಮದುದಾರನಾದಾಗ ಬರಿದಾಗಿ ನಿಲ್ಲುತ್ತದೆ. ಮಾರಿದವನು ಹೊರಗೆ, ತಯಾರಕನು ಹೊರಗೆ. ಒಳಗಿರುವವಳು ನಷ್ಟ ಹೊಂದಿದವಳೊಬ್ಬಳೇ. ಅವಳು ಆಯೋಗಕ್ಕೆ ದೂರು ಕೊಡಬಹುದು. ಆಯೋಗವು ಅವಳ ಪರವಾಗಿ ಆಜ್ಞೆಯನ್ನೂ ಮಾಡಬಹುದು. ಆದರೆ ಆ ಆಜ್ಞೆಯನ್ನು ಹಿಡಿದು ಕಡಲಾಚೆಯ ಬೀದಿಯಲ್ಲಿ ಹಣ ವಸೂಲು ಮಾಡುವವರು ಯಾರು? ನಮ್ಮ ಆಯೋಗದ ಕೈ ಅಷ್ಟು ದೂರ ನೀಳದು.

ಹಿಂದಕ್ಕೆ ಕಳುಹಿಸಿ ಬದಲಿ ಪಡೆಯುವೆವೆಂದರೆ ಅಲ್ಲಿಯೂ ತೊಡಕುಂಟು. ಹೋಗುವ ಸಾಗಣೆಯ ವೆಚ್ಚವನ್ನು ಬಹುಮಟ್ಟಿಗೆ ಕೊಂಡವರೇ ಹೊರಬೇಕಾಗುವುದು. ಬದಲಿ ಬಂದಾಗ ಸುಂಕದ ಕಾಗದಪತ್ರಗಳ ಕಾಟ ಮತ್ತೊಮ್ಮೆ. ಇದಕ್ಕಿಂತಲೂ ವಿಚಿತ್ರವಾದುದು ಬ್ಯಾಟರಿಯ ಸಮಸ್ಯೆ. ಊದಿಕೊಂಡ ಅಥವಾ ಒಳಗೆ ಹಾಳಾದ ಲಿಥಿಯಂ ಬ್ಯಾಟರಿಯು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಒಂದು ಕೋಶದ ಶಾಖವು ಪಕ್ಕದ ಕೋಶವನ್ನು ಕಾಯಿಸಿ, ಅದು ಮತ್ತೊಂದನ್ನು ಕಾಯಿಸಿ, ತಡೆಯಲಾಗದ ಬೆಂಕಿಯಾಗುತ್ತದೆ. ಆದುದರಿಂದಲೇ ಅಂತರರಾಷ್ಟ್ರೀಯ ವಿಮಾನಸಾಗಣೆಯ ನಿಯಮಗಳು ಅಂತಹ ಅಪಾಯಕಾರಿಯಾದ ಬ್ಯಾಟರಿಯನ್ನು ವಿಮಾನದಲ್ಲಿ ಕಳುಹಿಸಕೂಡದೆಂದು ವಿಧಿಸಿವೆ. ಒಳ್ಳೆಯ ಬ್ಯಾಟರಿ ವಿಮಾನದಲ್ಲಿ ಬಂದೀತು; ಕೆಟ್ಟುದು ವಿಮಾನದಲ್ಲಿ ಹೋಗಲಾರದು. ‘ದೋಷವಿದ್ದರೆ ಹಿಂದಿರುಗಿಸಿ, ಹಣ ವಾಪಸು’ ಎಂಬ ಭರವಸೆಯು ಯಾವ ದೋಷ ಅತ್ಯಂತ ಅಪಾಯಕರವೋ ಅಲ್ಲಿಯೇ ಸೋಲುತ್ತದೆ.

ಅಂಗಡಿಯೇ ಮಾಯವಾಗುವುದೂ ಉಂಟು. 2020ರ ನವೆಂಬರಿನಲ್ಲಿ ನಮ್ಮ ಸರ್ಕಾರವು ಆಲಿಎಕ್ಸ್‌ಪ್ರೆಸ್ ಎಂಬ ಚೀನೀ ಮಾರಾಟಸಂಸ್ಥೆಯ ಆ್ಯಪನ್ನು ಭದ್ರತೆಯ ಕಾರಣದಿಂದ ನಿರ್ಬಂಧಿಸಿತು. ಅದರ ಸರಿತಪ್ಪುಗಳ ವಿಚಾರ ಇಲ್ಲಿ ಬೇಡ. ಕೊಳ್ಳುವ ಕಿಂಡಿ ಮುಚ್ಚಿದಾಗ ದೂರು ಹೇಳುವ ಕಿಂಡಿಯೂ ಜೊತೆಗೇ ಮುಚ್ಚುವುದೆಂಬುದಷ್ಟೇ ನಾವು ಗಮನಿಸತಕ್ಕದ್ದು.

ಬೇರೆ ದೇಶಗಳು ಈ ಗಂಟನ್ನು ಹೇಗೆ ಬಿಡಿಸಿವೆ? ಯೂರೋಪಿನ ಒಕ್ಕೂಟವು ವಿದ್ಯುನ್ಮಾನ ಸಾಮಗ್ರಿಯೇ ಮೊದಲಾದ ಹಲವು ಸರಕುಗಳಿಗೆ 2021ರ ಜುಲೈಯಿಂದ, ಇತರ ಗ್ರಾಹಕ ಸರಕುಗಳಿಗೂ 2024ರ ಡಿಸೆಂಬರಿನಿಂದ ಒಂದು ನಿಯಮವನ್ನು ಮಾಡಿದೆ: ಸುರಕ್ಷತೆಗೆ ಉತ್ತರ ಹೇಳಲು ಒಕ್ಕೂಟದೊಳಗೇ ನೆಲೆಸಿರುವ ಒಬ್ಬ ಹೊಣೆಗಾರನಿಲ್ಲದೆ ಅಂತಹ ಸರಕನ್ನು ಅಲ್ಲಿ ಮಾರಕೂಡದು. ಬ್ರಿಟನ್ನಿನಲ್ಲಿ 1974ರ ಸಾಲ ಕಾಯಿದೆಯ 75ನೆಯ ಪ್ರಕರಣದಂತೆ, 100 ಪೌಂಡಿಗೆ ಮೇಲ್ಪಟ್ಟು 30,000 ಪೌಂಡು ಮೀರದ ಸರಕನ್ನು ಕ್ರೆಡಿಟ್ ಕಾರ್ಡಿನಿಂದ ಕೊಂಡರೆ, ವರ್ತಕನ ವಚನಭಂಗಕ್ಕೆ ಬ್ಯಾಂಕೂ ಹೊಣೆ. ಹೊರದೇಶದಲ್ಲಿ ಕೊಂಡದ್ದಕ್ಕೂ ಇದು ಸಲ್ಲುವುದೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ 2007ರಲ್ಲಿ ತೀರ್ಮಾನಿಸಿತು. ಆಸ್ಟ್ರೇಲಿಯಾದ ನ್ಯಾಯಾಲಯವು 2016ರಲ್ಲಿ, ಕಂಪ್ಯೂಟರ್ ಆಟಗಳನ್ನು ಮಾರುವ ವಾಲ್ವ್ ಎಂಬ ಅಮೆರಿಕನ್ ಕಂಪೆನಿಯು ಆಸ್ಟ್ರೇಲಿಯಾದ ಗ್ರಾಹಕ ಕಾನೂನಿಗೆ ಬದ್ಧವೆಂದು ತೀರ್ಪಿತ್ತು 30 ಲಕ್ಷ ಆಸ್ಟ್ರೇಲಿಯನ್ ಡಾಲರು ದಂಡ ವಿಧಿಸಿತು. ಮೂರು ದೇಶಗಳ ದಾರಿ ಮೂರು. ಗುರಿ ಮಾತ್ರ ಒಂದೇ. ಕೊಂಡವನ ಕೈಗೆಟಕುವ ದೂರದಲ್ಲಿ ಒಬ್ಬ ಹೊಣೆಗಾರನು ನಿಂತಿರಬೇಕು.

ನಮ್ಮ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳುತ್ತೇವೆ. ಹೊರದೇಶದಿಂದ ನೇರವಾಗಿ ತರಿಸುವುದನ್ನು ನಿಷೇಧಿಸಬೇಕೆಂದು ನಾವು ಕೇಳುವುದಿಲ್ಲ. ನಮ್ಮ ಪೇಟೆಯಲ್ಲಿ ದೊರೆಯದ ಮಸೂರ, ಸಂವೇದಕ, ಅಳತೆಯ ಉಪಕರಣಗಳನ್ನು ತರಿಸಿ ಪ್ರಯೋಗ ಮಾಡುವ ವಿದ್ಯಾರ್ಥಿಗಳ ದಾರಿಗೆ ಅಡ್ಡ ನಿಲ್ಲುವುದು ಅವಿವೇಕ. ಏಜೆಂಟರ ಬೆಲೆಗೆ ಪೈಪೋಟಿ ಇರುವುದೂ ಒಳ್ಳೆಯದೇ. ಆದರೆ ಮೂರು ಸುಧಾರಣೆಗಳು ಆಗಬೇಕು. ಒಂದು, ನಮ್ಮ ಜನರಿಗೆ ಸರಕು ಕಳುಹಿಸುವ ಪ್ರತಿಯೊಬ್ಬ ಹೊರದೇಶದ ವರ್ತಕನ ಪರವಾಗಿಯೂ ಈ ದೇಶದಲ್ಲಿ ವಾಸಿಸುವ ಹೊಣೆಗಾರನೊಬ್ಬನ ಹೆಸರು ಪ್ರಕಟವಾಗಿರಬೇಕು. ಇಲ್ಲವಾದರೆ ಮಾರಾಟಕ್ಕೆ ಜಾಗ ಕೊಟ್ಟ ಸಂಸ್ಥೆಯೇ ಆ ಸ್ಥಾನದಲ್ಲಿ ನಿಲ್ಲಬೇಕು. ಈಗಿನ ನಿಯಮಗಳು ಸಂಸ್ಥೆಯ ನಿಯಮಪಾಲನೆಗೆ ಇಲ್ಲಿ ವಾಸಿಸುವ ಅಧಿಕಾರಿಯನ್ನು ಕೇಳುತ್ತವೆಯೇ ಹೊರತು ಸರಕಿನ ದೋಷಕ್ಕೆ ಜಾಮೀನನ್ನು ಕೇಳುವುದಿಲ್ಲ. ಎರಡು, ಬ್ರಿಟನ್ನಿನಂತೆ ಕಾರ್ಡು ಕೊಟ್ಟ ಬ್ಯಾಂಕನ್ನೂ ಹೊಣೆಯಲ್ಲಿ ಪಾಲುಗಾರನನ್ನಾಗಿ ಮಾಡಬೇಕು. ಮೂರು, 2012ರ ತೀರ್ಪು ಅಂಗಡಿಯ ಗೋಡೆಯ ಮೇಲೆ ಹಾಕಿಸಿದ ಫಲಕವು ಮೊಬೈಲಿನ ಪರದೆಯ ಮೇಲೂ ಬರಬೇಕು. ವೋಲ್ಟು, ಅಲೆಪಟ್ಟಿ, ಭಾರತದಲ್ಲಿ ವಾರಂಟಿ ಉಂಟೋ ಇಲ್ಲವೋ ಎಂಬುದು, ಹಣ ಕೊಡುವ ಗುಂಡಿಯ ಮೇಲ್ಗಡೆಯೇ, ಕೊಳ್ಳುವವರ ಭಾಷೆಯಲ್ಲಿ ಕಾಣಬೇಕು.

ಹೀಗೆ ಮಾಡಿದರೆ ಬೆಲೆ ಏರುವುದೆಂದು ಕೆಲವರು ಆಕ್ಷೇಪಿಸಬಹುದು. ಸ್ವಲ್ಪ ಏರುವುದು ನಿಜ. ಆದರೆ ಇಂದಿನ ಅಗ್ಗದಲ್ಲಿ ಒಂದು ಪಾಲು ನಿಜವಾದ ಉಳಿತಾಯವಲ್ಲ. ಅದು ಕೊಳ್ಳುವವರು ತಮಗರಿಯದಂತೆಯೇ ಬರೆದುಕೊಟ್ಟ ಹೊಣೆಪತ್ರ. ಇನ್ನು ಕೆಲವರು, ದೊಡ್ಡ ಕಂಪೆನಿಗಳು ಈ ನಿಯಮವನ್ನು ಹಿಡಿದು ಸಣ್ಣ ಆಮದುದಾರರನ್ನು ತುಳಿದಾವೆಂದು ಅಂಜಬಹುದು. ಈ ಅಂಜಿಕೆಗೆ ಕಾರಣವುಂಟು. ಅದಕ್ಕೆಂದೇ ಹೊಣೆಗಾರನು ಕಂಪೆನಿಯ ಏಜೆಂಟನೇ ಆಗಬೇಕೆಂದು ನಾವು ಹೇಳಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ಅಂಗಡಿಯವನೂ ಆಗಬಹುದು, ವಿಳಾಸವಿದ್ದರೆ ಸಾಕು.

ಕಾನೂನು ಬದಲಾಗುವವರೆಗೆ ವಿದ್ಯಾರ್ಥಿಗಳು ತಮ್ಮ ಎಚ್ಚರದಲ್ಲಿ ತಾವಿರಬೇಕು. ಸರಕಿನ ಪೂರ್ಣ ಮಾದರಿಸಂಖ್ಯೆಯನ್ನು ಕೇಳಿ ಪಡೆದು, ಅದರ ಅಲೆಪಟ್ಟಿಗಳನ್ನು ತಮ್ಮ ಜಾಲದ ಪಟ್ಟಿಗಳೊಡನೆ ಹೋಲಿಸಿ ನೋಡಲಿ. ಸುಂಕವನ್ನೂ ತೆರಿಗೆಯನ್ನೂ ಸಾಗಣೆಯನ್ನೂ ಕೂಡಿಸಿದ ಮೇಲೆ ಬೆಲೆಯನ್ನು ಇಲ್ಲಿನದರೊಡನೆ ತೂಗಲಿ. ವಾರಂಟಿಯ ಚೀಟಿಯಲ್ಲಿ ಭಾರತದ ಹೆಸರಿದೆಯೋ ಎಂದು ಓದಲಿ. ಮಾರುವವನ ಮಾತುಗಳನ್ನೂ ಹಣ ಸಂದ ರಸೀತಿಯನ್ನೂ ಕಾಪಾಡಿಕೊಳ್ಳಲಿ. ಪೊಟ್ಟಣ ಬಿಚ್ಚುವಾಗ ಚಿತ್ರ ತೆಗೆದಿಟ್ಟರೆ ಸಾಕ್ಷಿಯಾದೀತು. ಹಣವನ್ನು ನೇರವಾಗಿ ವರ್ತಕನ ಖಾತೆಗೆ ಹಾಕದೆ, ತಕರಾರು ಹೂಡಲು ಅವಕಾಶವಿರುವ ಕಾರ್ಡಿನ ಮೂಲಕ ಕೊಡಲಿ. ಆ ತಕರಾರಿಗೆ ಗಡುವುಂಟಾದುದರಿಂದ ವರ್ತಕನ ‘ನಾಳೆ, ನಾಡಿದ್ದು’ಗಳನ್ನು ನಂಬಿ ದಿನ ಕಳೆಯದಿರಲಿ. ಇಲ್ಲಿಯೇ ಇರುವ ಆಮದುದಾರನಿಂದ ತುಸು ಹೆಚ್ಚು ಬೆಲೆಗೆ ಸಿಕ್ಕುವುದಾದರೆ ಅದನ್ನೇ ಆರಿಸಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಲಿ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮ ಹಿರಿಯರದು. ಬೆಟ್ಟವನ್ನು ಹತ್ತಬೇಡವೆಂದು ಅವರು ಹೇಳಲಿಲ್ಲ. ಹತ್ತುವ ಮುನ್ನ ಕಲ್ಲುಮುಳ್ಳುಗಳನ್ನು ಎಣಿಸಿಕೊಳ್ಳಬೇಕೆಂಬುದೇ ಅದರ ಭಾವ. ಯಂತ್ರದ ಗುಣವನ್ನು ನೂರು ಬಾರಿ ವಿಚಾರಿಸುವ ನಮ್ಮ ತರುಣರು, ಅದು ಕೆಟ್ಟಾಗ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದನ್ನು ಒಂದು ಬಾರಿಯಾದರೂ ವಿಚಾರಿಸಲಿ. ತಟ್ಟಲು ಬಾಗಿಲೇ ಇಲ್ಲದ ಕಡೆ ಹಕ್ಕೆಂಬುದು ಕಾಗದದ ಮೇಲಿನ ಅಕ್ಷರ ಮಾತ್ರ. ಆ ಬಾಗಿಲನ್ನು ಕಟ್ಟಿಸಿಕೊಡುವುದು ಸರ್ಕಾರದ ಕರ್ತವ್ಯ, ಕಟ್ಟಿಸಿರೆಂದು ಕೇಳುವುದು ನಮ್ಮೆಲ್ಲರ ಕರ್ತವ್ಯ.